ತುಂಬಿದ ಹೋಟೆಲ್ ಯಾಕೆ ಮುಚ್ಚುತ್ತದೆ, ಖಾಲಿ ಮಳಿಗೆ ಯಾಕೆ ಖಾಲಿಯೇ ಇರುತ್ತದೆ?

ಪೇಟೆ ಬೀದಿಯಲ್ಲಿ ನಡೆದು ಹೋಗುವಾಗ ಒಂದು ಅಂಗಡಿಯ ಗಾಜಿಗೆ ಒಳಗಿನಿಂದ ಹಳೇ ಪೇಪರ್ ಅಂಟಿಸಿರುವುದು ಕಣ್ಣಿಗೆ ಬೀಳುತ್ತದೆ. ಹೋದ ತಿಂಗಳವರೆಗೂ ಅಲ್ಲಿ ಹೋಟೆಲ್ ಇತ್ತು. ಸೀಟು ಸಿಗದೆ ಬಾಗಿಲ ಹತ್ತಿರ ನಿಂತು ಕಾದ ನೆನಪೂ ಇದೆ. "ಅಯ್ಯೋ, ಇದೂ ಹೋಯ್ತಾ? ಚೆನ್ನಾಗೇ ನಡೀತಿತ್ತಲ್ಲ!" ಅಂದುಕೊಂಡು ಮುಂದೆ ಹೋಗುತ್ತೇವೆ. ನಾಲ್ಕು ಹೆಜ್ಜೆ ಆಚೆಗೆ ಒಂದು ಹಳೇ ವಾಚ್ ಅಂಗಡಿ. ಅಲ್ಲಿ ಒಬ್ಬ ಗಿರಾಕಿಯನ್ನೂ ನೋಡಿದ ನೆನಪಿಲ್ಲ, ಆದರೂ ವರ್ಷಗಟ್ಟಲೆಯಿಂದ ಬೆಳಗಾದರೆ ಬಾಗಿಲು ತೆರೆಯುತ್ತದೆ. ಅದರ ಪಕ್ಕದ ಮಳಿಗೆಗೆ ಬೀಗ ಬಿದ್ದು ಮೂರು ವರ್ಷ. 'ಬಾಡಿಗೆಗೆ ಇದೆ' ಅನ್ನುವ ಬೋರ್ಡಿನ ಬಣ್ಣ ಕೂಡ ಮಾಸಿಹೋಗಿದೆ.

ತುಂಬಿದ್ದು ಮುಚ್ಚುತ್ತದೆ. ಖಾಲಿ ಇದ್ದದ್ದು ನಡೆಯುತ್ತದೆ. ಮುಚ್ಚಿದ್ದು ಮುಚ್ಚಿಕೊಂಡೇ ಇರುತ್ತದೆ. ವಿಚಿತ್ರ ಅಲ್ವಾ? ನಾವು ಇದನ್ನೆಲ್ಲ ರುಚಿ ಕೆಟ್ಟಿತು, ಮಾಲೀಕನಿಗೆ ದುರಾಸೆ, ಆನ್‌ಲೈನ್ ಬಂದು ಎಲ್ಲ ಹಾಳಾಯಿತು ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ನನ್ನ ಪ್ರಕಾರ ಕಾರಣ ಹುಡುಕಬೇಕಾದ ಜಾಗ ಅಡುಗೆಮನೆ ಅಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್‌ನಲ್ಲಿ ಮಡಚಿಟ್ಟ ಬಾಡಿಗೆ ಕರಾರು.

ಮೊದಲು ಹೋಟೆಲಿನ ಲೆಕ್ಕ ನೋಡೋಣ. ಗಲ್ಲಾಪೆಟ್ಟಿಗೆಗೆ ನೂರು ಬಂತು ಅಂದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ದಿನಸಿ, ತರಕಾರಿಗೆ ಹೋಗುತ್ತದೆ. ಇನ್ನೊಂದು ಮೂರನೇ ಒಂದು ಭಾಗ ಅಡುಗೆಯವರು, ಸಪ್ಲೈಯರ್‌ಗಳು, ಕ್ಲೀನಿಂಗ್‌ನವರ ಸಂಬಳಕ್ಕೆ. ಬಾಡಿಗೆ ಆರರಿಂದ ಹತ್ತರೊಳಗೆ ಇದ್ದರೆ ಪರವಾಗಿಲ್ಲ ಅನ್ನುವುದು ಈ ಕಸುಬಿನವರ ಲೆಕ್ಕ. ಮಿಕ್ಕಿದ್ದರಲ್ಲಿ ಗ್ಯಾಸು, ಕರೆಂಟು, ನೀರು, ತೆರಿಗೆ, ರಿಪೇರಿ, ಕಾರ್ಡ್ ಕಮಿಷನ್ನು, ಒಡೆದ ತಟ್ಟೆ, ಕೊಳೆತ ಸೊಪ್ಪು. ಎಲ್ಲ ಕಳೆದು ಮಾಲೀಕನ ಕೈಯಲ್ಲಿ ಉಳಿಯುವುದು ಮೂರರಿಂದ ಐದು. ಚೆನ್ನಾಗಿ ನಡೆಯುವ ಹೋಟೆಲಿನ ಮಾತು ಇದು.

ಈಗ ಕರಾರು ಮುಗಿಯಿತು. ಕಟ್ಟಡದ ಮಾಲೀಕ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿದ. ಹತ್ತು ಇದ್ದದ್ದು ಹದಿನೈದಾಯಿತು. ಹೋಟೆಲಿನವನಿಗೆ ಉಳಿಯುತ್ತಿದ್ದ ಐದು ಅಲ್ಲಿಗೆ ಮುಗಿಯಿತು. ಜಾಸ್ತಿ ವ್ಯಾಪಾರ ಮಾಡಿ ಸರಿದೂಗಿಸಬಹುದಲ್ಲ ಅಂತ ಕೇಳಬಹುದು. ಆದರೆ ತುಂಬಿದ ಹೋಟೆಲಿಗೆ ಇನ್ನೂ ತುಂಬಿಸಿಕೊಳ್ಳಲು ಜಾಗ ಎಲ್ಲಿದೆ? ನಲವತ್ತು ಕುರ್ಚಿ ಇದ್ದರೆ ನಲವತ್ತೇ. ಒಂದು ಕುರ್ಚಿಯಲ್ಲಿ ಮಧ್ಯಾಹ್ನ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರೋ ಮೂವರೋ ಕೂರಬಹುದು, ಅಷ್ಟೇ. ರೇಟು ಏರಿಸಿದರೆ ದಿನಾ ಬರುವವರು ವಾರಕ್ಕೊಮ್ಮೆ ಬರುತ್ತಾರೆ. ಅಂಗಡಿ ಖಾಲಿ ಇದ್ದರೆ ಗಿರಾಕಿಗಳನ್ನು ಹೆಚ್ಚಿಸಿಕೊಳ್ಳಲು ದಾರಿ ಇರುತ್ತದೆ. ತುಂಬಿರುವುದಕ್ಕೆ ಆ ದಾರಿಯೂ ಇಲ್ಲ.

ಇನ್ನೊಂದು ವಿಷಯ ನಮ್ಮ ಗಮನಕ್ಕೆ ಬರುವುದೇ ಇಲ್ಲ. 'ತುಂಬಿತ್ತು' ಅನ್ನುವುದು ನಾವು ಹೋದ ಹೊತ್ತಿನ ಮಾತು. ಕೆಲಸದ ದಿನ ಮಧ್ಯಾಹ್ನ ಒಂದರಿಂದ ಎರಡೂವರೆ. ಬಾಡಿಗೆ ಮಾತ್ರ ರಾತ್ರಿ ಮೂರು ಗಂಟೆಗೂ ಓಡುತ್ತಿರುತ್ತದೆ, ಭಾನುವಾರವೂ ಓಡುತ್ತದೆ.

ಹಾಗಾದರೆ ಆ ಖಾಲಿ ವಾಚ್ ಅಂಗಡಿ? ಬಹಳ ಸಲ ಉತ್ತರ ಸರಳವಾಗಿರುತ್ತದೆ. ಕಟ್ಟಡ ಅವರದ್ದೇ, ಬಾಡಿಗೆ ಅನ್ನುವ ಮಾತೇ ಇಲ್ಲ. ಇಲ್ಲವೇ ಎಂದೋ ಮಾಡಿಕೊಂಡ ಹಳೇ ಕರಾರಿನ ಕಡಿಮೆ ಬಾಡಿಗೆ ಇನ್ನೂ ನಡೆಯುತ್ತಿದೆ. ವಾಚು ಕೊಳೆಯುವ ಸರಕೂ ಅಲ್ಲ. ಒಂದು ಮಾರಿದರೆ ವಾರದ ಖರ್ಚು ಹೊರಡುತ್ತದೆ.

ಕರಾರಿನಲ್ಲಿ ದುಡ್ಡಿನಷ್ಟೇ ಮುಖ್ಯವಾದದ್ದು ತಾರೀಕು. ವಾಣಿಜ್ಯ ಮಳಿಗೆಗಳ ಲೀಸು ಸಾಮಾನ್ಯವಾಗಿ ವರ್ಷಗಟ್ಟಲೆಯದ್ದು. ಫ್ರಾನ್ಸಿನಲ್ಲಿ ಅದಕ್ಕೆ '3-6-9' ಅನ್ನುವ ಅಡ್ಡಹೆಸರೇ ಇದೆ: ಲೀಸು ಕನಿಷ್ಠ ಒಂಬತ್ತು ವರ್ಷದ್ದು, ಬಾಡಿಗೆದಾರ ಮೂರು ವರ್ಷಕ್ಕೊಮ್ಮೆ ಬಿಟ್ಟು ಹೋಗಬಹುದು. ಹೀಗೆ ಬಿಟ್ಟು ಹೋಗುವ ಅವಕಾಶ ಕರಾರಿನಲ್ಲಿ ಇಲ್ಲದಿದ್ದರೆ ನಷ್ಟದಲ್ಲಿರುವ ಅಂಗಡಿಯೂ ಮುಚ್ಚುವಂತಿಲ್ಲ. ಮುಚ್ಚಿದರೂ ಮಿಕ್ಕ ತಿಂಗಳ ಬಾಡಿಗೆ ಕಟ್ಟಲೇಬೇಕಲ್ಲ? ಬಾಗಿಲು ತೆರೆದಿಟ್ಟರೆ ಅರ್ಧ ಬಾಡಿಗೆಯಾದರೂ ಹುಟ್ಟುತ್ತದೆ ಅನ್ನುವ ಲೆಕ್ಕದಲ್ಲಿ ತೆವಳಿಕೊಂಡು ಹೋಗುತ್ತಾರೆ. ಲೀಸು ಮುಗಿದ ತಿಂಗಳು ಶಟರ್ ಎಳೆಯುತ್ತಾರೆ. ನಮಗೆ ಅದು ದಿಢೀರ್ ಅನ್ನಿಸುತ್ತದೆ. ಅವರು ಎರಡು ವರ್ಷದ ಹಿಂದೆಯೇ ತೀರ್ಮಾನಿಸಿ ಆಗಿರುತ್ತದೆ. ಒಂದೇ ಕಟ್ಟಡದ ಎರಡು ಮೂರು ಅಂಗಡಿಗಳು ಒಟ್ಟಿಗೆ ಹೋದರೆ ಬೀದಿಗೇ ಏನೋ ಆಯಿತು ಅಂದುಕೊಳ್ಳುವ ಮೊದಲು, ಅವು ಬಂದದ್ದೂ ಒಟ್ಟಿಗೇನಾ ಅಂತ ನೆನಪಿಸಿಕೊಳ್ಳಿ.

ಎಲ್ಲ ಕರಾರೂ ಒಂದೇ ತರ ಇರುವುದಿಲ್ಲ. ಮಾಲ್‌ಗಳಲ್ಲಿ, ಕೆಲವು ದೊಡ್ಡ ಪೇಟೆಗಳಲ್ಲಿ ಮಾಲೀಕನೂ ವ್ಯಾಪಾರದಲ್ಲಿ ಪಾಲು ಕೇಳುತ್ತಾನೆ. ವರ್ಷಕ್ಕೆ ಮೂಲ ಬಾಡಿಗೆ 100, ಪಾಲು ಶೇ. 5 ಅಂದುಕೊಳ್ಳಿ. 100 ಅನ್ನುವುದು 2,000ದ ಶೇ. 5. ಹಾಗಾಗಿ ವ್ಯಾಪಾರ 2,000 ದಾಟುವ ತನಕ ಮೂಲ ಬಾಡಿಗೆ ಮಾತ್ರ. ದಾಟಿದ ಮೇಲೆ ಬರುವ ಪ್ರತಿ ನೂರರಲ್ಲಿ ಐದು ಮಾಲೀಕನಿಗೆ. ಇದು ನನಗೆ ಹೆಚ್ಚು ನ್ಯಾಯದ ವ್ಯವಸ್ಥೆ ಅನ್ನಿಸುತ್ತದೆ. ಅಂಗಡಿ ಸೊರಗಿದರೆ ಮಾಲೀಕನಿಗೂ ಸ್ವಲ್ಪ ಚುರುಕು ಮುಟ್ಟುತ್ತದೆ.

ಹತ್ತರಲ್ಲಿ ಒಂಬತ್ತು ಮುಳುಗುತ್ತವೆಯಾ?

ಹೊಸ ಹೋಟೆಲ್ ಇಡುತ್ತೇನೆ ಅಂದವರಿಗೆ ಹಿತೈಷಿಗಳು ಹೇಳುವ ಮೊದಲ ಮಾತು: "ಹತ್ತು ಹೋಟೆಲಲ್ಲಿ ಒಂಬತ್ತು ಮೊದಲ ವರ್ಷವೇ ಮುಚ್ಚುತ್ತವೆ." ಇದು ಎಷ್ಟು ಹರಡಿದೆಯೆಂದರೆ 2003ರಲ್ಲಿ ಅಮೆರಿಕದ ಟಿವಿ ಜಾಹೀರಾತೊಂದರಲ್ಲೂ ಬಂದಿತ್ತು. ಎಚ್. ಜಿ. ಪಾರ್ಸಾ ಅನ್ನುವ ಪ್ರೊಫೆಸರ್ ಮತ್ತು ಅವರ ಜೊತೆಗಾರರು ಓಹಾಯೋ ರಾಜ್ಯದ ಕೊಲಂಬಸ್ ನಗರದ ದಾಖಲೆ ತೆಗೆದು ಎಣಿಸಿದರು. 2005ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಮೊದಲ ವರ್ಷ ಹೋದದ್ದು ಶೇ. 26ರಷ್ಟು. ಮೂರು ವರ್ಷ ಸೇರಿಸಿದರೆ ಶೇ. 60ರ ಹತ್ತಿರ. ಹೋಟೆಲಿನ ಒಡೆತನ ಬದಲಾಗುವುದನ್ನು ಹಿಡಿದು ಮಾಡಿದ ಎಣಿಕೆ ಅದು. ಅಂದರೆ ಒಳ್ಳೆ ಬೆಲೆಗೆ ಮಾರಿ ನೆಮ್ಮದಿಯಾಗಿ ಹೋದವನೂ ಅದೇ ಪಟ್ಟಿಯಲ್ಲಿ ಬರುವ ಸಾಧ್ಯತೆ ಇದೆ.

2014ರಲ್ಲಿ ಟಿಯಾನ್ ಲೂ ಮತ್ತು ಫಿಲಿಪ್ ಸ್ಟಾರ್ಕ್ ಇನ್ನೂ ದೊಡ್ಡ ಎಣಿಕೆ ಮಾಡಿದರು. ಪಶ್ಚಿಮ ಅಮೆರಿಕದ ಸುಮಾರು 81,000 ಹೋಟೆಲುಗಳು, ಇಪ್ಪತ್ತು ವರ್ಷದ ದಾಖಲೆ. ಸ್ವಂತವಾಗಿ ಶುರುಮಾಡಿದ ಹೋಟೆಲುಗಳಲ್ಲಿ ಮೊದಲ ವರ್ಷ ಮುಚ್ಚಿದ್ದು ಶೇ. 17 ಮಾತ್ರ. ಬೇರೆ ಸೇವಾ ವ್ಯಾಪಾರಗಳಲ್ಲಿ ಅದು ಶೇ. 19. ಹೋಟೆಲುಗಳ ಆಯಸ್ಸು ನಾಲ್ಕೂವರೆ ವರ್ಷದ ಆಸುಪಾಸು: ಅರ್ಧದಷ್ಟು ಅದಕ್ಕೆ ಮೊದಲೇ ಹೋಗುತ್ತವೆ, ಅರ್ಧ ಅದನ್ನು ದಾಟುತ್ತವೆ. ಐದು ಅಥವಾ ಅದಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಹೋಟೆಲಿಗೆ ಮೂರೂ ಮುಕ್ಕಾಲು ವರ್ಷ. ಹೋಟೆಲ್ ಅನ್ನುವುದು ಬೇರೆ ವ್ಯಾಪಾರಕ್ಕಿಂತ ಅಷ್ಟೇನೂ ಹೆಚ್ಚು ಅಪಾಯದ್ದಲ್ಲ. ಅದು ಮುಚ್ಚಿದರೆ ನಮಗೆ ಗೊತ್ತಾಗುತ್ತದೆ, ಅಷ್ಟೇ ವ್ಯತ್ಯಾಸ. ಎರಡನೇ ಮಹಡಿಯ ಲೆಕ್ಕಪತ್ರದ ಆಫೀಸು ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ?

ಬೇಗ ಹೋಗುವ ಹೋಟೆಲುಗಳಿಗೆ ಬಾಗಿಲು ತೆರೆಯುವ ಮೊದಲೇ ಪೆಟ್ಟು ಬಿದ್ದಿರುತ್ತದೆ. ಅಡ್ವಾನ್ಸ್ ಕೊಟ್ಟಾಯಿತು, ಬಾಡಿಗೆ ಶುರುವಾಯಿತು, ಪರ್ಮಿಷನ್ ಮಾತ್ರ ಬಂದಿಲ್ಲ. ಬಡಗಿ ಕೈಕೊಟ್ಟ. ಒಂದು ತಿಂಗಳ ಕೆಲಸ ನಾಲ್ಕು ತಿಂಗಳಾಯಿತು. ಮೊದಲ ಆರು ತಿಂಗಳ ನಷ್ಟಕ್ಕೆ ಅಂತ ಎತ್ತಿಟ್ಟ ದುಡ್ಡು ಬಣ್ಣ, ಟೈಲ್ಸಿಗೆ ಹೋಯಿತು. ತೆರೆದ ಹೊಸದರಲ್ಲಿ ಹೊಸ ಜಾಗ ನೋಡೋಣ ಅಂತ ಊರೆಲ್ಲ ಬರುತ್ತದೆ. ಎರಡನೇ ತಿಂಗಳು ಇಳಿಯುತ್ತದೆ. ಆ ಇಳಿತ ಎಲ್ಲರಿಗೂ ಬರುವಂಥದ್ದೇ, ಆದರೆ ಅದನ್ನು ತಾಳಿಕೊಳ್ಳುವ ದುಡ್ಡು ಕೈಯಲ್ಲಿರುವುದಿಲ್ಲ.

ಶಾಪ ತಗುಲಿದ ಮೂಲೆ

ಪ್ರತಿ ಪೇಟೆಯಲ್ಲೂ ಒಂದು ಮೂಲೆ ಇರುತ್ತದೆ. ಅಲ್ಲಿ ಏನೇ ಇಟ್ಟರೂ ನಿಲ್ಲುವುದಿಲ್ಲ. ನಾನು ದಿನಾ ದಾಟುವ ದಾರಿಯಲ್ಲಿ ಅಂಥದ್ದೊಂದಿದೆ. ನಾಲ್ಕನೇ ಹೋಟೆಲಿನ ಬೋರ್ಡನ್ನು ಇಳಿಸಿದ ದಿನ ನಿಂತು ನೋಡಿದೆ. ಗೋಡೆಯಲ್ಲಿ ಅಕ್ಷರಗಳ ಹಿಂದಿನ ಬಣ್ಣ ಬಿಸಿಲು ಕಾಣದೆ ಹೊಸದಾಗಿಯೇ ಉಳಿದಿತ್ತು. ಅದರ ಕೆಳಗೆ ಮೂರನೆಯದರ ಮೊಳೆ ತೂತು, ಇನ್ನೂ ಕೆಳಗೆ ಮತ್ತೊಂದು ಸಾಲು ತೂತು. ಪಕ್ಕದ ಜೆರಾಕ್ಸ್ ಅಂಗಡಿಯವರು "ಜಾಗ ಸರಿ ಇಲ್ಲ ಬಿಡಿ" ಅಂದರು.

ಜಾಗದಲ್ಲಿ ದೋಷ ಇರುವುದುಂಟು. ಬಾಗಿಲಿಗೆ ಮೂರು ಮೆಟ್ಟಿಲು, ಮುಂದೆ ಒಂದು ದಪ್ಪ ಕಂಬ, ಸಂಜೆ ಬಿಸಿಲು ನೇರ ಮುಖಕ್ಕೆ, ಬಸ್ ಸ್ಟಾಪ್ ರಸ್ತೆಯ ಆಚೆ ಬದಿಗೆ. ಆದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಟೆಲೇ ಬರುವುದು ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಹಿಂಬದಿಯ ಓಣಿಯಲ್ಲಿದೆ. ಅಲ್ಲಿ ಗೋಡೆಗುಂಟ ಒಂದು ತಗಡಿನ ಕೊಳವೆ ಮೇಲಿನವರೆಗೂ ಏರಿದೆ, ಜಿಡ್ಡು ಹಿಡಿದು ಕಪ್ಪಾಗಿದೆ. ಅಡುಗೆಮನೆಯ ಹೊಗೆ ಹೋಗುವ ದಾರಿ ಅದು. ಅದನ್ನು ಹೊಸದಾಗಿ ಹಾಕಬೇಕೆಂದರೆ ಮೇಲಿನ ಮನೆಯವರನ್ನೆಲ್ಲ ಒಪ್ಪಿಸಬೇಕು, ಗೋಡೆ ಕೊರೆಯಬೇಕು. ಜೊತೆಗೆ ಚರಂಡಿಗೆ ಎಣ್ಣೆ ಜಿಡ್ಡು ಹೋಗದ ಹಾಗೆ ತಡೆಯುವ ತೊಟ್ಟಿ, ಜಾಸ್ತಿ ಲೋಡಿನ ಕರೆಂಟು. ಹೋಟೆಲ್ ಇಡುವುದರಲ್ಲಿ ದೊಡ್ಡ ಖರ್ಚು ಇವೇ. ಒಮ್ಮೆ ಹೋಟೆಲ್ ಇದ್ದ ಜಾಗದಲ್ಲಿ ಇವೆಲ್ಲ ರೆಡಿ ಇರುತ್ತವೆ. ಹಾಗಾಗಿ ಬಂಡವಾಳ ಕಡಿಮೆ ಇರುವವರು ಇಂಥ ಜಾಗವನ್ನೇ ಹುಡುಕಿಕೊಂಡು ಬರುತ್ತಾರೆ. ಬಂಡವಾಳ ಕಡಿಮೆ ಇರುವವರೇ ಬೇಗ ಮುಳುಗುವವರು ಕೂಡ. ಶಾಪ ಅಂದರೆ ಇಷ್ಟೇ.

ಹೊಸ ಹೋಟೆಲುಗಳು ಅಣಬೆ ತರ ಏಳುತ್ತಿವೆ ಅನ್ನಿಸುವುದಕ್ಕೂ ಒಂದು ಕಾರಣ ಇದೆ. ಆನ್‌ಲೈನ್ ಬಗ್ಗೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಅದರ ಎರಡನೇ ಪರಿಣಾಮ ಮಾತ್ರ ಹೇಳುತ್ತೇನೆ. ಪುಸ್ತಕ, ಎಲೆಕ್ಟ್ರಾನಿಕ್ಸ್, ಆಟದ ಸಾಮಾನು ಮಾರುವವರು ಖಾಲಿ ಮಾಡಿದ ಜಾಗಕ್ಕೆ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ಕಳಿಸಲಾಗದ್ದನ್ನು ಮಾರುವವರು ಬರುತ್ತಾರೆ. ತಲೆಗೂದಲು ಕತ್ತರಿಸುವವರು, ಜಿಮ್ಮಿನವರು, ಹಲ್ಲಿನ ಡಾಕ್ಟರು, ಊಟ ತಿಂಡಿಯವರು. ಮಳಿಗೆ ತುಂಬಿತು ಅಂತ ಬೀದಿ ಖುಷಿಪಡುತ್ತದೆ. ಆದರೆ ಹೊಟ್ಟೆಗಳು ಅಷ್ಟೇ ಇವೆ, ಹೋಟೆಲ್ ಎರಡರಷ್ಟಾಯಿತು. ಎರಡು ವರ್ಷ ಕಳೆದು ಮುಚ್ಚುವವರ ಸಾಲು ಶುರುವಾದಾಗ ಯಾರೂ ಹಳೇ ಪುಸ್ತಕದಂಗಡಿಯನ್ನು ನೆನೆಯುವುದಿಲ್ಲ.

ಅಕ್ಕಪಕ್ಕದಲ್ಲಿ ಒಂದೇ ತರದ ಅಂಗಡಿ ಇರುವುದೇ ತಪ್ಪು ಅಂತಲ್ಲ. ಹೆರಾಲ್ಡ್ ಹೊಟೆಲಿಂಗ್ ಅನ್ನುವ ಅರ್ಥಶಾಸ್ತ್ರಜ್ಞ 1929ರಲ್ಲೇ ಇದನ್ನು ತೋರಿಸಿದ್ದ. ಒಂದು ಉದ್ದ ಬೀದಿ, ಎರಡು ಅಂಗಡಿ, ಒಂದೇ ಸರಕು. ಗಿರಾಕಿ ಹತ್ತಿರದ ಅಂಗಡಿಗೆ ಹೋಗುತ್ತಾನೆ. ಇಬ್ಬರೂ ಇನ್ನೊಬ್ಬನ ಕಡೆಯ ಗಿರಾಕಿಗಳನ್ನು ಸೆಳೆಯಲು ಒಂದೊಂದೇ ಹೆಜ್ಜೆ ನಡುವಿಗೆ ಸರಿಯುತ್ತ ಕೊನೆಗೆ ಬೆನ್ನಿಗೆ ಬೆನ್ನು ತಾಗಿಸಿ ಕೂರುತ್ತಾರೆ. ಇನ್ನೊಂದು ಲಾಭವೂ ಇದೆ. ಬಟ್ಟೆ, ಚಪ್ಪಲಿ, ಪೀಠೋಪಕರಣ ಕೊಳ್ಳುವವರು ನಾಲ್ಕು ಕಡೆ ನೋಡದೆ ಕೊಳ್ಳುವುದಿಲ್ಲ. ನಾಲ್ಕು ಅಂಗಡಿ ಒಂದೇ ಕಡೆ ಇದ್ದರೆ ಮಾತ್ರ ಆ ಬೀದಿಗೆ ಬರುತ್ತಾರೆ. ಅಂಥ ಕಡೆ ಪಕ್ಕದವನು ಮುಚ್ಚಿದರೆ ಉಳಿದವನಿಗೆ ವ್ಯಾಪಾರ ಏರುವ ಬದಲು ಇಳಿಯಬಹುದು.

ದೊಡ್ಡ ಅಂಗಡಿಯ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಬ್ರಿಟನ್ನಿನ ವೂಲ್‌ವರ್ತ್ಸ್ ಮುಳುಗಿದಾಗ 2008ರ ಡಿಸೆಂಬರ್ ಕೊನೆಯಿಂದ 2009ರ ಜನವರಿ 6ರೊಳಗೆ 807 ಮಳಿಗೆ ಮುಚ್ಚಿದವು. ಬಹಳ ಊರುಗಳಲ್ಲಿ ಪೇಟೆ ಬೀದಿಯ ಅತಿ ದೊಡ್ಡ ಬಾಗಿಲುಗಳಲ್ಲಿ ಅದೊಂದು. ಅಂಥ ಅಂಗಡಿಗೆ ಬಂದವರೇ ಪಕ್ಕದ ಬೇಕರಿಗೂ ಬೀಗದ ಕೈ ಮಾಡುವವನ ಹತ್ತಿರಕ್ಕೂ ಹೋಗುತ್ತಾರೆ. ಮಾಲ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ದೊಡ್ಡ ಅಂಗಡಿಗೆ ಅಡಿ ಲೆಕ್ಕದಲ್ಲಿ ತೀರಾ ಕಡಿಮೆ ಬಾಡಿಗೆ ಹಾಕಿ ಕರೆತರುತ್ತಾರೆ, ಆ ಜನರನ್ನು ನೆಚ್ಚಿಕೊಂಡ ಚಿಕ್ಕ ಅಂಗಡಿಗಳಿಂದ ಜಾಸ್ತಿ ತೆಗೆದುಕೊಳ್ಳುತ್ತಾರೆ. ಜಾಣ ಬಾಡಿಗೆದಾರರು ಕರಾರಿನಲ್ಲಿ ಒಂದು ಸಾಲು ಬರೆಸಿಕೊಂಡಿರುತ್ತಾರೆ: ದೊಡ್ಡ ಅಂಗಡಿ ಹೋದರೆ ನಮ್ಮ ಬಾಡಿಗೆ ಇಳಿಯಬೇಕು, ಇಲ್ಲವೇ ನಮ್ಮನ್ನೂ ಬಿಡಬೇಕು. ಒಂದು ಬಾಗಿಲು ಮುಚ್ಚಿದ ಮೇಲೆ ಸಾಲಾಗಿ ಏಳೆಂಟು ಮುಚ್ಚುವುದರ ಹಿಂದೆ ಈ ಸಾಲೂ ಇರುತ್ತದೆ.

ಮಾಲ್ ಹುಟ್ಟಿದ ಕಥೆಯೇ ಒಂದು ವ್ಯಂಗ್ಯ. ಮೇಲೆ ಸೂರು, ಒಳಗೆ ತಂಪು ಇರುವ ಮೊದಲ ದೊಡ್ಡ ಮಾಲ್ ಸೌತ್‌ಡೇಲ್, 1956ರಲ್ಲಿ ಮಿನಿಯಾಪೊಲಿಸ್ ಹೊರವಲಯದ ಈಡೈನಾದಲ್ಲಿ ತೆರೆಯಿತು. ಕಟ್ಟಿದ್ದು ವಿಯೆನ್ನಾದಿಂದ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಕಾರಿನ ಬಡಾವಣೆಗಳಿಗೂ ಒಂದು ಪೇಟೆ ಚೌಕ ಇರಲಿ ಅಂತ ಅವನ ಆಸೆ. ಆದದ್ದೇನೆಂದರೆ ಮಾಲ್‌ಗಳು ಊರೊಳಗಿನ ಪೇಟೆಯ ಜನರನ್ನೇ ಎಳೆದುಕೊಂಡವು. ಪೇಟೆ ಉಳಿಸಲು ಕಾರು ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಡಬೇಕು ಅನ್ನುವುದೂ ಅವನದ್ದೇ ಯೋಜನೆ. ಮಿಷಿಗನ್‌ನ ಕ್ಯಾಲಮಜೂ ನಗರ 1959ರಲ್ಲಿ ಹಾಗೆ ಮಾಡಿತು, 1998ರಲ್ಲಿ ಕಾರುಗಳನ್ನು ವಾಪಸ್ ಬಿಟ್ಟಿತು. ಕೋಪನ್‌ಹೇಗನ್ 1962ರಲ್ಲಿ ಸ್ಟ್ರೋಗೆಟ್ ಬೀದಿಯಲ್ಲಿ ಅದನ್ನೇ ಮಾಡಿತು, ಅದು ಇವತ್ತಿಗೂ ಕಿಕ್ಕಿರಿದಿದೆ. ಉಪಾಯ ಒಂದೇ, ಫಲ ಬೇರೆ. ಒಂದು ಕಡೆ ಜನ ಮೊದಲೇ ಬೀದಿಯ ಸುತ್ತಮುತ್ತ ವಾಸವಿದ್ದರು, ನಡೆದು, ಸೈಕಲ್ ತುಳಿದು ಬರುತ್ತಿದ್ದರು. ಇನ್ನೊಂದು ಕಡೆ ಬರಬೇಕಾದವರು ಕಾರಿನಲ್ಲೇ ಬರಬೇಕಿತ್ತು. ನನ್ನ ಕಣ್ಣಿಗೆ ಇದೇ ದೊಡ್ಡ ವ್ಯತ್ಯಾಸ.

ಕೊರೋನಾ ಆದ ಮೇಲೆ ಇದೇ ಪ್ರಶ್ನೆ ಹೊಸ ರೂಪದಲ್ಲಿ ಬಂತು. ಅರ್ಜುನ್ ರಮಣಿ ಮತ್ತು ನಿಕೋಲಸ್ ಬ್ಲೂಮ್ 2021ರಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಜನ, ವ್ಯಾಪಾರ ಎರಡೂ ನಡುವಿನಿಂದ ಅಂಚಿಗೆ ಸರಿಯುವುದನ್ನು ಗುರುತಿಸಿ ಅದಕ್ಕೆ ಡೋನಟ್ ಎಫೆಕ್ಟ್ ಅಂದರು. ನಡುವೆ ತೂತು, ಸುತ್ತ ದಪ್ಪ. ಆಫೀಸಿಗೆ ವಾರದಲ್ಲಿ ಮೂರೇ ದಿನ ಬರುವವರು ಮೂರೇ ದಿನ ಹೊರಗೆ ಉಣ್ಣುತ್ತಾರೆ. ಐದು ದಿನದ ಊಟ ನಂಬಿ ಮಾಡಿಕೊಂಡ ಬಾಡಿಗೆ ಕರಾರು ಮಾತ್ರ ಏಳು ದಿನದ್ದು.

ಮೂರು ವರ್ಷದ ಬೀಗ

ಈಗ ಎಲ್ಲಕ್ಕಿಂತ ಸಿಟ್ಟು ತರಿಸುವ ಪ್ರಶ್ನೆ. ಖಾಲಿ ಇಡುವ ಬದಲು ಬಾಡಿಗೆ ಇಳಿಸಿ ಕೊಡಬಾರದಾ? ಸುಮ್ನೆ ಬೀಗ ಹಾಕಿಟ್ಟರೆ ಮಾಲೀಕನಿಗೇನು ಬಂತು?

ಲೆಕ್ಕ ಹಾಕಿ. ಮಳಿಗೆಯ ಬಾಡಿಗೆ ವರ್ಷಕ್ಕೆ 100. ಕಟ್ಟಡ ಕೊಳ್ಳುವವರು ಹಾಕಿದ ದುಡ್ಡಿಗೆ ಶೇ. 5 ಹುಟ್ಟಬೇಕು ಅನ್ನುತ್ತಾರೆ. ಅಂದರೆ ಅದರ ಬೆಲೆ 2,000. ಬಾಡಿಗೆಯನ್ನು 80ಕ್ಕೆ ಇಳಿಸಿ ಹತ್ತು ವರ್ಷದ ಕರಾರು ಮಾಡಿದರೆ ಬೆಲೆ 1,600 ಆಗುತ್ತದೆ. ವರ್ಷಕ್ಕೆ ಇಪ್ಪತ್ತು ಬಿಟ್ಟುಕೊಟ್ಟದ್ದಕ್ಕೆ ಕಾಗದದ ಮೇಲೆ ನಾನೂರು ಹೋಯಿತು. ಬ್ಯಾಂಕಿನಿಂದ 1,500 ಸಾಲ ತಂದಿದ್ದರೆ ಇನ್ನೂ ಕಷ್ಟ. ಮೊದಲು ಸಾಲ ಬೆಲೆಯ ಮುಕ್ಕಾಲು ಭಾಗ ಇತ್ತು, ಈಗ ಬೆಲೆಯ ಹತ್ತಿರಕ್ಕೇ ಬಂತು. ಬ್ಯಾಂಕು ಕೇಳಲು ಶುರುಮಾಡುತ್ತದೆ. ಮಳಿಗೆ ಖಾಲಿ ಇದ್ದರೆ ಮಾತ್ರ "ಒಳ್ಳೆ ಬಾಡಿಗೆದಾರ ಸಿಗಲಿ ಅಂತ ಕಾಯ್ತಿದ್ದೇನೆ" ಅನ್ನಬಹುದು. ಬೆಲೆ ಇನ್ನೂ 2,000 ಅಂತ ನಟಿಸಬಹುದು. 'ಮೊದಲ ಆರು ತಿಂಗಳು ಬಾಡಿಗೆ ಬೇಡ, ಆಮೇಲೆ ಪೂರ್ತಿ' ಅನ್ನುವ ಆಫರ್ ಬರುವುದೂ ಇದಕ್ಕೇ. ಕರಾರಿನ ಕಾಗದದಲ್ಲಿ ನೂರು ನೂರಾಗಿಯೇ ಉಳಿಯುತ್ತದೆ.

ಜಪಾನಿನ ಸಣ್ಣ ಊರುಗಳಲ್ಲಿ ಕಾರಣ ಬೇರೆ. ಅಲ್ಲಿ ಮುಚ್ಚಿದ ಅಂಗಡಿ ಸಾಲಿಗೆ 'ಶಟ್ಟಾ ಗಾಯ್' ಅನ್ನುತ್ತಾರೆ. ಶಟರ್ ಬೀದಿ! ನಮಗೆ ಅನುವಾದವೇ ಬೇಡ. ದೊಡ್ಡ ಅಂಗಡಿಗಳನ್ನು ಹದ್ದಿನಲ್ಲಿಡಲು 1973ರಲ್ಲಿ ಮಾಡಿದ ಕಾನೂನನ್ನು 2000ದಲ್ಲಿ ತೆಗೆದುಹಾಕಿದರು. ವ್ಯಾಪಾರ ಹೆದ್ದಾರಿ ಪಕ್ಕದ ದೊಡ್ಡ ಮಳಿಗೆಗಳಿಗೆ ಹೋಯಿತು. ಅಂಗಡಿಯವರಿಗೆ ವಯಸ್ಸಾಯಿತು, ಮಕ್ಕಳು ಮುಂದುವರಿಸಲಿಲ್ಲ. ಆದರೆ ಬಾಡಿಗೆಗೆ ಕೊಡಲು ಮನಸ್ಸಿಲ್ಲ, ಯಾಕೆಂದರೆ ಅಂಗಡಿಯ ಮೇಲೆಯೇ ಅವರ ಮನೆ. ಕೆಳಗೆ ಯಾರೋ ಹೊಸಬರು ರಾತ್ರಿಯವರೆಗೆ ಗದ್ದಲ ಮಾಡುವುದು ಯಾರಿಗೆ ಬೇಕು?

ಕೆಲವು ಸರ್ಕಾರಗಳು ತಾಳ್ಮೆ ಕಳೆದುಕೊಂಡಿವೆ. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2020ರಲ್ಲಿ ಖಾಲಿ ಮಳಿಗೆಗಳ ಮೇಲೆ ತೆರಿಗೆ ಹಾಕಲು ಒಪ್ಪಿದರು. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ, ಎರಡು ವರ್ಷದಲ್ಲಿ ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಖಾಲಿ ಬಿದ್ದ ಪೇಟೆ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತವೇ ಹರಾಜು ಹಾಕಬಹುದು. ನನಗೆ ಎರಡನೆಯದು ಹಿಡಿಸಿತು. ದೊಡ್ಡ ಮಾಲೀಕನಾದರೆ ತೆರಿಗೆಯನ್ನು ಖರ್ಚಿಗೆ ಬರೆದುಕೊಂಡು ಸುಮ್ಮನಿರಬಹುದು. ಹರಾಜು ಕೂಗಿದರೆ ಆ ಜಾಗದ ನಿಜವಾದ ಬಾಡಿಗೆ ಎಷ್ಟು ಅನ್ನುವುದು ಊರಿಗೇ ಗೊತ್ತಾಗುತ್ತದೆ.

ಪೇಪರ್ ಅಂಟಿಸಿದ ಆ ಗಾಜಿನ ಮುಂದೆ ಮತ್ತೆ ಹೋದಾಗ ನಾನೀಗ ಮೊದಲು ಪೇಪರಿನ ತಾರೀಕು ನೋಡುತ್ತೇನೆ. ಹಳೇದಾಗಿ ಹಳದಿ ತಿರುಗಿದ್ದರೆ ಒಳಗೆ ಯಾರೂ ಕೆಲಸ ಮಾಡುತ್ತಿಲ್ಲ. ಆಮೇಲೆ ಹಿಂದಿನ ಓಣಿಗೆ ಹೋಗಿ ಆ ತಗಡಿನ ಕೊಳವೆ ಇದೆಯಾ ನೋಡುತ್ತೇನೆ. ಅದನ್ನು ಬಿಚ್ಚಿಕೊಂಡು ಹೋಗಿದ್ದರೆ ಅಲ್ಲಿ ಸದ್ಯಕ್ಕೆ ಇನ್ನೊಂದು ಹೋಟೆಲ್ ಬರುವುದು ಅನುಮಾನ. ಮೊನ್ನೆ ಕೊಳವೆ ಅಲ್ಲೇ ಇತ್ತು. ಪೇಪರಿನ ಸಂದಿಯಲ್ಲಿ ಇಣುಕಿದರೆ ಒಬ್ಬ ಯುವಕ, ಒಬ್ಬಳು ಯುವತಿ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದರು. ಎಷ್ಟು ಕುರ್ಚಿ ಹಿಡಿಸುತ್ತದೆ ಅಂತ ಇರಬೇಕು.